ಚಾಚಿ ಕೂತರೆ ನಿಲ್ಲುವ ಕಾರು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಕಾರಿನದು. ತಮಾಷೆಗೆ ಹೇಳುತ್ತಿಲ್ಲ. ಮನೆಮಂದಿಯೆಲ್ಲ ಎರಡು ಮಣ್ಣಿನ ಕೋಣೆಗಳಲ್ಲಿ ಮಲಗುತ್ತಿದ್ದೆವು, ಮಳೆ ಬಂದರೆ ಸೋರದ ಒಂದರಲ್ಲೇ ಒತ್ತಿಕೊಳ್ಳುತ್ತಿದ್ದೆವು. ಕಾರು ಮಾತ್ರ ಕಲ್ಲುಗೋಡೆ, ಹೆಂಚಿನ ಸೂರು ಇದ್ದ ಜಾಗದಲ್ಲಿ ದೊರೆಯ ಹಾಗೆ ಒಂದೇ ಇರುತ್ತಿತ್ತು. ಅದು ಮೊದಲು ಕುದುರೆ ಲಾಯ. ನನ್ನ ತಾತ ಶಿರಾದಲ್ಲಿ ಜಟಕಾ ಹೊಡೆಯುತ್ತಿದ್ದವರು. ತಾತ ಹೋದರು, ಆಮೇಲೆ ಕುದುರೆಯೂ ಹೋಯಿತು, ಬಸ್ಸುಗಳು ಬಂದ ಮೇಲೆ ಜಟಕಾ ಹತ್ತುವವರೂ ಇಲ್ಲವಾದರು. ಅಬ್ಬ, ನನ್ನ ತಂದೆ, ಬೆಂಗಳೂರಿಗೆ ಹೋಗಿ, ಯಾವನೋ ಬಿಳಿಯ ಸಾಹೇಬ ಓಡಿಸಿ ಬಿಟ್ಟಿದ್ದ ಕಪ್ಪು ಕಾರೊಂದನ್ನು ತಂದು ಅದೇ ಲಾಯದಲ್ಲಿ ನಿಲ್ಲಿಸಿದರು. ಊರವರು ಅದನ್ನು ಪ್ಲೆಶರ್ ಕಾರು ಎನ್ನುತ್ತಿದ್ದರು. ಮದುವೆಗೆ, ಹೆರಿಗೆಗೆ, ಕೋರ್ಟಿನ ಕೆಲಸಕ್ಕೆ ಮಧುಗಿರಿಯವರೆಗೆ, ಒಮ್ಮೊಮ್ಮೆ ತುಮಕೂರಿನವರೆಗೆ ಬಾಡಿಗೆ ಹೋಗುತ್ತಿತ್ತು. ದಾದಿ, ಅಂದರೆ ಅಬ್ಬನ ತಾಯಿ, ಕೊನೆಯವರೆಗೂ ಅದನ್ನು ಕುದುರೆಯೆಂದೇ ನಡೆಸಿಕೊಂಡಳು. ಅದಕ್ಕೆ ನೀರು ಕುಡಿಸಿದಿರಾ ಎಂದು ಕೇಳದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ಗುರುವಾರ ಸಂಜೆ ಮನೆಗೆಲ್ಲ ಲೋಬಾನದ ಹೊಗೆ ಹಾಕಿ, ಕೊನೆಗೆ ಬಾನೆಟ್ ಎತ್ತಿಸಿ ಅದರ ಹೊಟ್ಟೆಗೂ ಹಾಕುತ್ತಿದ್ದಳು. ಪೆಟ್ರೋಲಿನ ಹತ್ತಿರ ಕೆಂಡ ತರಬೇಡ ಎಂದು ಅಬ್ಬ ಎಷ್ಟು ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹೊಗೆ, ಬೆಚ್ಚಗಿನ ಇಂಜಿನ್ ಎಣ್ಣೆ, ಕಲ್ಲಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕುದುರೆ ಎಲ್ಲ ಸೇರಿ ಒಂದು ವಾಸನೆ ಏಳುತ್ತಿತ್ತು. ಇಷ್ಟು ಊರು ತಿರುಗಿ, ಇಷ್ಟು ಶಾಲೆಗಳಲ್ಲಿ ಪಾಠ ಹೇಳಿ ಬಂದೆ, ಅದನ್ನು ಮತ್ತೆಲ್ಲೂ ಮೂಸಲಿಲ್ಲ. ಈಗಲೂ ಅದಕ್ಕಾಗಿ ಜೀವ ಹಂಬಲಿಸುತ್ತದೆ.

ಮನೆಯೊಳಗಿನ ಮಾತು ಉರ್ದು, ಹೊಸಿಲು ದಾಟಿದರೆ ಕನ್ನಡ. ಅಕ್ಕತಂಗಿಯರ ಹಾಗೆ ಒಬ್ಬರ ಬಟ್ಟೆ ಒಬ್ಬರು ಉಟ್ಟುಕೊಂಡು ಎರಡೂ ಓಡಾಡುತ್ತಿದ್ದವು. ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ನಮ್ಮ ಬೀದಿಯ ಕನ್ನಡವನ್ನೇ ಆಡಿಸುತ್ತೇನೆ. ಮಕ್ಕಳಿಗೆ ಕನ್ನಡ ಕಲಿಸಿ ಮುದುಕಿಯಾದವಳಿಗೆ ಅಷ್ಟು ಸಲಿಗೆ ಇರಲಿ. ಊಟಕ್ಕೆ ಗಂಡಸರು ಪಡಸಾಲೆಯಲ್ಲಿ ಕೂರುತ್ತಿದ್ದರು, ಹೆಂಗಸರು ಅಡುಗೆಮನೆಯಲ್ಲಿ, ನಡುವೆ ಬಾಗಿಲಿಗೆ ಒಂದು ಪರದೆ. ಮುದ್ದೆ, ಹುರುಳಿ ಸಾರು, ಶುಕ್ರವಾರ ಇದ್ದರೆ ಕುರಿಮಾಂಸ. ಆ ಪರದೆಯ ಆಚೆಗೂ ಈಚೆಗೂ ಹಕ್ಕಿನಿಂದ ಓಡಾಡುತ್ತಿದ್ದವಳು ಒಂಬತ್ತು ವರ್ಷದ ನಾನೊಬ್ಬಳೇ. ದಾದಿ ನನಗೆ ಟಪಾಲು ಎಂದು ಹೆಸರಿಟ್ಟಿದ್ದಳು. ಉಪ್ಪು ಸರಿಯಾಗಿದೆಯಾ ಕೇಳಿಕೊಂಡು ಬಾ, ಸಂಜೆ ಬಾಡಿಗೆ ಎಲ್ಲಿಗೆ ತಿಳಿದುಕೊಂಡು ಬಾ, ಎಲ್ಲವೂ ನನ್ನ ಕಾಲ ಮೇಲೆ ನಡೆಯುತ್ತಿತ್ತು. ಟಪಾಲಿನವನು ಕಾಗದ ಒಡೆದು ನೋಡುವುದಿಲ್ಲ, ನಾನು ಒಡೆದು ಒಂದಿಷ್ಟು ಒಗ್ಗರಣೆಯನ್ನೂ ಹಾಕುತ್ತಿದ್ದೆ. ಸೊಪ್ಪು ಮುಗಿದಿದೆ ಎಂದು ಹೇಳು ಅಂತ ಅಮ್ಮಿ ಕಳಿಸಿದರೆ, ಅಮ್ಮಿಗೆ ಸಿಟ್ಟು ಬಂದಿದೆ, ಸೊಪ್ಪೂ ಮುಗಿದಿದೆ ಎನ್ನುತ್ತಿದ್ದೆ. ಗಂಡಸರು ನಗುತ್ತಿದ್ದರು. ನಗಿಸಿದವಳು ನಾನೆಂದು ಬೀಗುತ್ತಿದ್ದೆ. ಈ ಚಾಳಿಗೆ ಯಾರೂ ಎರಡೇಟು ಹಾಕಲಿಲ್ಲ, ಹಾಕಿದ್ದರೆ ಚೆನ್ನಾಗಿತ್ತು.

ಅಬ್ಬನ ತಮ್ಮ, ನನ್ನ ಚಾಚಾ, ಆಗ ನನ್ನ ಸ್ವಂತ ಆಸ್ತಿ. ಬಸ್‌ಸ್ಟ್ಯಾಂಡಿನಿಂದ ಕಡ್ಲೆಮಿಠಾಯಿ ತಂದರೆ ಮೊದಲ ತುಂಡು ನನಗೆ. ಕಾರು ತೊಳೆಯುವಾಗ ನನ್ನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿ ಹಾಡುತ್ತಿದ್ದ. ಅವನಿಗೆ ಪಾವಗಡದಿಂದ ಹೆಣ್ಣು ಗೊತ್ತಾಯಿತು. ಹಾಜಿರಾ ಎಂದು ಹೆಸರು, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗಳು. ತಾನು ಈ ಮನೆಗೆ ಪರದೆ ಕಟ್ಟಿದ ಜಟಕಾದಲ್ಲಿ ಬಂದವಳು, ತನ್ನ ಸೊಸೆ ಗಾಜಿನ ಡಬ್ಬಿಯಲ್ಲಿ ಕೂತು ಊರಿಗೆಲ್ಲ ಮುಖ ತೋರಿಸಿಕೊಂಡು ಬರಬೇಕಾ ಎಂದು ದಾದಿ ಹಟ ಹಿಡಿದಳು. ಅಟ್ಟದ ಮೇಲಿದ್ದ ಜಟಕಾದ ಗಂಟು ಇಳಿಯಿತು. ಅದರಲ್ಲಿ ಮೆರೂನ್ ಬಣ್ಣದ ದಪ್ಪ ಪರದೆ, ಅದನ್ನು ಪೋಣಿಸುವ ಸುರುಳಿ ತಂತಿ, ತಂತಿ ಸಿಗಿಸುವ ಕೊಕ್ಕೆ, ಕೊಕ್ಕೆಯ ತಿರುಪುಮೊಳೆ ಎಲ್ಲವೂ ಇದ್ದವು. ಮದುವೆಯ ಹಿಂದಿನ ದಿನ ಚಾಚಾ ಸಿಳ್ಳೆ ಹಾಕುತ್ತಾ ಅವನ್ನು ಕಾರಿನ ಹಿಂಬದಿಯ ಕಿಟಕಿಗಳಿಗೆ ಕೂರಿಸಿದ. ಆ ಕಾಲದ ಕಾರುಗಳ ಒಳಮೈಯೆಲ್ಲ ಮರ, ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅವನ ಸಿಳ್ಳೆ ಕೇಳಿ ನನಗೆ ಯಾಕೋ ಅಳು ಬಂದಿತ್ತು.

ಮದುವಣಗಿತ್ತಿಯನ್ನು ಕರೆತರುವಾಗ ಕಾರು ಮೂರು ಕಡೆ ನಿಂತಿತು. ಮಧುಗಿರಿ ದಾಟುವವರೆಗೆ ಎರಡು ಸಲ, ದಾಟಿದ ಮೇಲೆ ಒಂದು ಸಲ. ಕೆಮ್ಮಿದ ಹಾಗೆ ಎರಡು ಸಲ ಜಗ್ಗಿ, ಉಸಿರು ನಿಂತಂತೆ ನಿಲ್ಲುತ್ತಿತ್ತು. ಹೆಂಗಸರೆಲ್ಲ ಪರದೆ ಸರಿಸಿ ಇಳಿದು ಹುಣಸೆಮರದ ಕೆಳಗೆ ಕೂತ ಮೇಲೆ ಅಬ್ಬ ಹ್ಯಾಂಡಲ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಬಾಗಿಲಲ್ಲಿ ನೀರು ಹಿಡಿದು ಕಾಯುತ್ತಿದ್ದ ದಾದಿ, ಇಷ್ಟು ದಿನ ಇಲ್ಲದ್ದು ಇವತ್ತೇ ಯಾಕಂತೆ ಎಂದಷ್ಟೇ ಕೇಳಿದಳು. ಅಷ್ಟು ಸಾಕಾಯಿತು. ಆಮೇಲೆ ಹಾಜಿರಾ ಚಾಚಿ ಯಾವಾಗ ಕಾರಿನಲ್ಲಿ ಕೂತರೂ ಅದೇ ಕತೆ. ಅಬ್ಬ, ಚಾಚಾ ಇಬ್ಬರೇ ಹೋದರೆ ತುಮಕೂರಿಗೆ ಹೋಗಿಬಂದರೂ ಚಕಾರ ಎತ್ತುತ್ತಿರಲಿಲ್ಲ. ಬಾಡಿಗೆಯವರು ಕೂತರೆ ಇಲ್ಲ. ಅಮ್ಮಿ ಒಬ್ಬಳೇ ತವರಿಗೆ ಹೋದಾಗಲೂ ಇಲ್ಲ. ಅಮ್ಮಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತಿತ್ತು, ಬುರ್ಖಾ ಇದೆಯಲ್ಲ ಸಾಕು ಎಂದು ಗಾಳಿಗಾಗಿ ಪರದೆಯನ್ನು ಪಕ್ಕಕ್ಕೆ ಕಟ್ಟಿಬಿಡುತ್ತಿದ್ದಳು. ಹೊಸ ಸೊಸೆಗೆ ಆ ಸವಲತ್ತು ಇರಲಿಲ್ಲ. ಸೊಸೆಯ ಕಾಲ್ಗುಣ ಎನ್ನುವ ಮಾತು ಮೊದಲು ಅಡುಗೆಮನೆಯಲ್ಲಿ ಹುಟ್ಟಿ, ಬಾವಿಕಟ್ಟೆಗೆ ಹೋಗಿ, ಅಲ್ಲಿಂದ ಬೀದಿಗೆ ಬಂತು. ಕೂಸುಗಳು ಕೂಡ ಚಾಚಿ ಕೂತರೆ ನಿಲ್ಲುವ ಕಾರು ಎಂದು ನಮ್ಮ ಕಾರನ್ನು ತೋರಿಸುತ್ತಿದ್ದವು.

ಅಬ್ಬ ಕಾಲ್ಗುಣವನ್ನು ನಂಬುವವರಲ್ಲ, ರಂಗಪ್ಪನನ್ನು ನಂಬುವವರು. ರಂಗಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಚಾರ್ಜು ಮಾಡುತ್ತಿದ್ದ. ಆಸಿಡ್ ತಿಂದು ಅವನ ಅಂಗಿಯೆಲ್ಲ ಜರಡಿಯಾಗಿತ್ತು. ಅವನು ನಮ್ಮ ಲಾಯಕ್ಕೆ ಬಂದು ದಿನಗಟ್ಟಲೆ ಹುಡುಕಿದ. ಬ್ಯಾಟರಿಯ ತಲೆಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದ. ಕರೆಂಟು ವಾಪಸ್ ಬರಲೆಂದು ಬ್ಯಾಟರಿಯನ್ನು ಕಾರಿನ ಮೈಗೆ ಸೇರಿಸುವ ಅರ್ತಿನ ಪಟ್ಟಿ ಬಿಚ್ಚಿ, ಅದು ಕೂರುವ ಜಾಗದ ತುಕ್ಕನ್ನು ಬೆಳ್ಳಗೆ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿದ. ಇಂಜಿನ್ನಿನಿಂದ ಇನ್ನೊಂದು ಅರ್ತಿನ ತಂತಿ ಎಳೆದ. ಪ್ರತಿ ವಯರನ್ನೂ ಬೆರಳಲ್ಲಿ ಅಲ್ಲಾಡಿಸಿ ನೋಡಿದ. ಆಮೇಲೆ ಅಬ್ಬನ ಜೊತೆ ಕೂತು ಕೆರೆ ಏರಿಯ ಮೇಲೆ ನಾಲ್ಕು ಸುತ್ತು ಹೊಡೆದರೆ ಕಾರು ಹೂವಿನ ಹಾಗೆ ಓಡಿತು. ನಿಲ್ಲುವ ಮುಂಚೆ ಡ್ಯಾಶ್‌ಬೋರ್ಡಿನಲ್ಲಿ ಕರೆಂಟು ತೋರಿಸುವ ಮುಳ್ಳು ಧಡಕ್ಕನೆ ಕೆಳಗೆ ಬೀಳುತ್ತದೆ ಎಂದು ಅಬ್ಬ ಹೇಳಿದ್ದರು. ರಂಗಪ್ಪ ಅದನ್ನೇ ಹಿಡಿದು ಯೋಚಿಸುತ್ತಾ ನಮ್ಮ ಜಗಲಿಯ ಮೇಲೆ ಕೂತಿದ್ದ.

"ಕರೆಂಟು ಹೋಗಾಕೆ ತಂತಿ ಐತೆ ಸಾಬ್ರೇ, ವಾಪಸ್ ಬರಾಕೆ ಕಾರಿನ ಮೈಯೇ ದಾರಿ. ಇದು ಕೆಲ್ಸ ಮಾಡ್ದಂಗೆ ಎಲ್ಲೋ ಅಡ್ಡದಾರಿ ಹಿಡ್ದು ಮನೆಗೆ ಬಂದ್ಬುಡ್ತಾ ಐತೆ. ಅದಕ್ಕೇ ಇಂಜಿನ್ನಿಗೆ ಉಸುರು ಸಿಗಾಕಿಲ್ಲ. ಎಲ್ಲಿ ಅಂತ ಹಿಡಿಯೋಣ ಅಂದ್ರೆ, ನಾನು ಕೂತಾಗ ಸಂಭಾವಿತನಂಗೆ ಇರ್ತದೆ."

ಇನ್ನು ಆ ದಿನದ ವಿಷಯ. ಮಧುಗಿರಿಯಲ್ಲಿ ಚಾಚಿಯ ಸೋದರಮಾವನ ಮನೆಗೆ ಊಟಕ್ಕೆ ಹೊರಟಿದ್ದೆವು. ಮುಂದೆ ಅಬ್ಬ, ಚಾಚಾ. ಹಿಂದೆ ಪರದೆಯೊಳಗೆ ಅಮ್ಮಿ, ಚಾಚಿ, ನಾನು. ಮದುವೆಗೆ ಮುಂಚೆ ನನ್ನ ಜಾಗ ಅಬ್ಬನ ಪಕ್ಕದಲ್ಲಿತ್ತು. ಈಗ ನೀನೂ ಹಿಂದೆ ಕೂರು ಎಂದು ದಾದಿ ತಳ್ಳಿದ್ದಳು. ಕಡ್ಲೆಮಿಠಾಯಿಯ ಮೊದಲ ತುಂಡು ಎಲ್ಲಿಗೆ ಹೋಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಚಾಚಿ ಅದರಲ್ಲಿ ಅರ್ಧ ಮುರಿದು ನನಗೇ ಕೊಡುತ್ತಿದ್ದಳು, ಅದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು. ದಾರಿಯಲ್ಲಿ ಕಾರು ಜಗ್ಗಿ ನಿಂತಿತು. ಅಮ್ಮಿ ಬಾಯಿ ಮುಚ್ಚಿಕೊಂಡು ಇಳಿದು ಓಡಿದಳು. ನಾನು ಇಳಿಯುವಷ್ಟರಲ್ಲಿ ಚಾಚಿ ನನ್ನ ಕೈ ಹಿಡಿದಳು. ಪರದೆಯ ತಂತಿ ಅದರ ಭಾರಕ್ಕೆ ನಡುವೆ ಜೋತು, ಕಿಟಕಿಯ ಹೊಳೆಯುವ ಕಬ್ಬಿಣದ ಅಂಚಿನ ಮೇಲೆ ಕೂತಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಎತ್ತಿ ಬಿಟ್ಟಳು. ಕತ್ತಲೆಯೊಳಗೆ ಚಿಟ್ ಎಂದು ಒಂದು ಕಿಡಿ ಸಿಡಿಯಿತು. ನನ್ನ ಬೆರಳನ್ನು ಕೊಕ್ಕೆಗೆ ಮುಟ್ಟಿಸಿದಳು. ಬಾಣಲೆಯ ಹಿಡಿಯ ಹಾಗೆ ಸುಡುತ್ತಿತ್ತು.

"ನಿಮ್ಮಬ್ಬಂಗೆ ಹೇಳು. ಈ ತಂತಿ ಕಬ್ಬಿಣಕ್ಕೆ ತಾಗಿದಾಗ್ಲೇ ಕಾರು ನಿಲ್ಲೋದು. ಇದ್ರೊಳಗೆ ಕರೆಂಟು ಬರ್ತಾ ಐತೆ. ಮೂರು ಸಲ ನೋಡಿ ಹೇಳ್ತಿದೀನಿ, ಸುಮ್ಸುಮ್ನೆ ಅಲ್ಲ."

ಅವಳೇ ಯಾಕೆ ಹೇಳಲಿಲ್ಲ ಎಂದು ಈಗಿನವರು ಕೇಳಬಹುದು. ಹೊಸ ಸೊಸೆ ಗಂಡನ ಅಣ್ಣನ ಎದುರು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮದುವೆಯಾಗಿ ನಾಲ್ಕು ತಿಂಗಳಾದರೂ ಅಬ್ಬ ಅವಳ ದನಿ ಕೇಳಿರಲಿಲ್ಲ. ಇಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ ಹೋಗಬೇಕು, ಬರಬೇಕು. ನಾನು ಇಳಿದು ಮುಂದಕ್ಕೆ ಹೋದೆ. ಅಬ್ಬ ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡು ಬೆವರುತ್ತಿದ್ದರು. ನನ್ನನ್ನು ನೋಡಿ, ಹಿಂದೆ ಸೆಕೆಯಾಗುತ್ತಾ, ಬಾ ಮುಂದೆ ಕೂರು ಎಂದರು. ನನ್ನ ಹಳೆಯ ಜಾಗ ಸಿಕ್ಕಿತು. ಬಾಯಿಗೆ ಬಂದ ಮಾತನ್ನು ನುಂಗಿದೆ. ಇಂಥದೇ ಕಾರಣವೆಂದು ಹೇಳಲಾರೆ. ಅವಳು ಸರಿ ಎಂದು ಎಲ್ಲರೂ ಹೇಳುವುದು ನನಗೆ ಬೇಡವಾಗಿತ್ತು, ಅಷ್ಟೇ. ಮಧುಗಿರಿ ತಲುಪಿ ಊಟಕ್ಕೆ ಕೂತಾಗ ಚಾಚಿ ನನ್ನನ್ನು ಮೂಲೆಗೆ ಕರೆದು, ಹೇಳಿದ್ಯಾ, ಏನಂದ್ರು ಎಂದು ಕೇಳಿದಳು. ಹೇಳಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಗ್ಗರಣೆ ಹಾಕುವ ಚಾಳಿ ನಾಲಿಗೆಯ ತುದಿಯಲ್ಲೇ ಇತ್ತಲ್ಲ.

"ಹೇಳ್ದೆ. ಹೆಂಗಸ್ರು ಇದ್ರಾಗೆ ಬಾಯಿ ಹಾಕ್ಬಾರ್ದು, ಕಲಾಯಿನೋರಿಗೆ ಕಾರಿನ ವಿಷ್ಯ ಏನ್ ಗೊತ್ತು ಅಂದ್ರು."

ಕಲಾಯಿಯ ಮಾತನ್ನು ಎಲ್ಲಿಂದ ತಂದು ಸೇರಿಸಿದೆನೋ, ಈ ನಾಲಿಗೆಗೆ ಬೆಂಕಿ ಬೀಳಲಿ. ಚಾಚಿಯ ಮುಖ ಇಳಿದು ಹೋಯಿತು. ಆಯ್ತು ಬಿಡು ಎಂದು ನನ್ನ ತಟ್ಟೆಗೆ ಅನ್ನ ಬಡಿಸಿದಳು. ಅವಳು ಗಂಡನಿಗೂ ಹೇಳಲಿಲ್ಲ. ಅಣ್ಣ ಬೇಡವೆಂದ ಮಾತನ್ನು ತಮ್ಮನ ಬಾಯಲ್ಲಿ ಆಡಿಸಿದರೆ ಮನೆಮುರುಕಿ ಎನ್ನಿಸಿಕೊಳ್ಳಬೇಕಾಗುತ್ತದೆ ಎಂದು ಅಂದುಕೊಂಡಿರಬೇಕು.

ಇದಾಗಿ ತಿಂಗಳೊಳಗೆ ಕೊರಟಗೆರೆಯಿಂದ ಹೇಳಿಕಳಿಸಿದರು. ದಾದಿಯ ಅಕ್ಕ ಹಾಸಿಗೆ ಹಿಡಿದಿದ್ದಳು, ತಂಗಿಯನ್ನೂ ಹೊಸ ಸೊಸೆಯನ್ನೂ ನೋಡಬೇಕೆಂದಿದ್ದಳು. ಕಾರೆಂದರೆ ಹೆದರುತ್ತಿದ್ದ ದಾದಿ ಅವತ್ತು ಮೊದಲ ಸಲ ಹತ್ತಿದಳು. ಚಾಚಿ ಮತ್ತು ದಾದಿಯ ನಡುವೆ ನಾನು ಕೂತೆ. ಚಾಚಿ ಏನು ಮಾಡಿದಳೆಂದರೆ, ಸೆರಗನ್ನು ಕೈಗೆ ಸುತ್ತಿಕೊಂಡು ತನ್ನ ಪಕ್ಕದ ಪರದೆಯ ತಂತಿಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡಳು. ಕಾರು ಓಡುತ್ತಲೇ ಇತ್ತು. ಒಂದು ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು, ಯಾಕೆ ಹಿಡಿದಿದ್ದಾಳೆಂದು ಆ ಕಾರಿನಲ್ಲಿ ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ದಾದಿ ಅದನ್ನು ನೋಡಿದಳು. ಸಾಯುವವರ ಮನೆಗೆ ಹೋಗುವಾಗಲೂ ಹೊರಗಿಣುಕುವ ಚಪಲವೇನೇ, ಪರದೆ ಬಿಡು ಎಂದಳು. ಚಾಚಿ ನನ್ನ ಮುಖ ನೋಡಿದಳು. ನಾನು ನನ್ನ ಕಾಲ ಬೆರಳು ನೋಡಿಕೊಂಡೆ. ಅವಳು ಬಿಟ್ಟಳು. ಕಾರು ನಿಂತಿತು. ಕೊರಟಗೆರೆ ಸೇರುವಷ್ಟರಲ್ಲಿ ನಾಲ್ಕು ಸಲ ನಿಂತಿತು. ಕೊನೆಯ ಸಲ ಎಷ್ಟು ಹ್ಯಾಂಡಲ್ ಹೊಡೆದರೂ ಹೊರಡದೆ ಬಿಸಿಲಲ್ಲಿ ಕೂತೆವು. ಕೊನೆಗೂ ಅದು ಹೊರಟು ಆ ಮನೆ ತಲುಪಿದಾಗ ಬಾಗಿಲಲ್ಲಿ ಗಂಡಸರ ಚಪ್ಪಲಿಗಳಿರಲಿಲ್ಲ. ಗಂಡಸರು ಮಣ್ಣು ಕೊಟ್ಟು ತಿರುಗಿ ಬರುತ್ತಿದ್ದರು. ದಾದಿ ಅಕ್ಕನ ಖಾಲಿ ಮಂಚದ ಹಗ್ಗವನ್ನು ಸವರುತ್ತಾ ಕೂತುಬಿಟ್ಟಳು, ಅಳಲಿಲ್ಲ. ಮರುದಿನ ಮನೆಗೆ ಬಂದ ಮೇಲೆ ಚಾಚಾನನ್ನು ಕರೆದು, ಇವಳನ್ನು ತವರಿಗೆ ಬಿಟ್ಟು ಬಾ, ನನ್ನ ಕಣ್ಣು ತಣ್ಣಗಾದ ಮೇಲೆ ನೋಡೋಣ ಎಂದಳು. ದಾದಿಯನ್ನು ಈಗ ಬೈಯಲು ನನಗೆ ಬಾಯಿಲ್ಲ. ಅವಳ ದುಃಖ ದೊಡ್ಡದಾಗಿತ್ತು, ತೋರಿಸಲು ಒಂದು ಕಾರಣ ಬೇಕಾಗಿತ್ತು, ಅದು ಎದುರಿಗೇ ಇತ್ತು. ಚಾಚಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಪಾವಗಡಕ್ಕೆ ಹೋದಳು. ಹೋಗುವಾಗ ನನ್ನ ತಲೆ ಸವರಿದಳು.

ಅವಳು ಹೋದ ಮೇಲೆ ಕಾರು ಒಂದೇ ಒಂದು ಸಲವೂ ನಿಲ್ಲಲಿಲ್ಲ. ಪರದೆ ಎಳೆಯುವ ಕೆಲಸವೇ ಇರಲಿಲ್ಲವಲ್ಲ, ಅದನ್ನು ಕಿಟಕಿಯ ಪಕ್ಕಕ್ಕೆ ಸರಿಸಿ ಗಂಟು ಕಟ್ಟಿದ್ದರು. ಹೀಗಾಗಿ ಕಾಲ್ಗುಣಕ್ಕೆ ಮೊಹರು ಬಿತ್ತು. ನೋಡಿದ್ಯಾ, ನಾನೇನು ಸುಳ್ಳು ಹೇಳಿದೆನಾ ಎಂದು ದಾದಿ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. ರಂಗಪ್ಪ ಕೂಡ ಹುಡುಕುವುದನ್ನು ಬಿಟ್ಟ. ಚಾಚಾ ಕಾರು ತೊಳೆಯುವಾಗ ಹಾಡುವುದನ್ನು ನಿಲ್ಲಿಸಿದ. ಕಡ್ಲೆಮಿಠಾಯಿ ತರುವುದನ್ನೂ ನಿಲ್ಲಿಸಿದ. ಚಾಚಿ ಇದ್ದಾಗ ನಮ್ಮ ತಾಮ್ರದ ಪಾತ್ರೆಗಳು ಕನ್ನಡಿಯಂತಿದ್ದವು, ಬೂದಿ ಹುಣಸೆಹಣ್ಣು ಹಾಕಿ ಉಜ್ಜುತ್ತಾ ತೆಲುಗಿನಲ್ಲಿ ನನಗೆ ಒಗಟು ಹೇಳುತ್ತಿದ್ದಳು. ಈಗ ಅವು ಕಪ್ಪಾಗುತ್ತಾ ಬಂದವು. ನನಗೆ ಅಬ್ಬನ ಪಕ್ಕದ ಜಾಗ ಸಿಕ್ಕಿತ್ತು, ಚಾಚಾ ಸಿಕ್ಕಿದ್ದ, ಯಾವುದೂ ರುಚಿಸಲಿಲ್ಲ. ಪಡಸಾಲೆಯಲ್ಲಿ ಚಾಚಾಗೆ ಇನ್ನೊಂದು ಮುದ್ದೆ ಬೇಕಾ ಎಂದು ಕೇಳಲು ಹೋದರೆ ಅವನು ತಲೆಯೆತ್ತದೆ ಕೈ ಆಡಿಸುತ್ತಿದ್ದ. ಎಷ್ಟೋ ಸಲ ಹೇಳಿಬಿಡೋಣ ಅನ್ನಿಸಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ದಿನ ಕಳೆದಷ್ಟೂ ಆ ಪ್ರಶ್ನೆ ದಪ್ಪವಾಗುತ್ತಿತ್ತು.

ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಬ್ಬ ಬಾಡಿಗೆ ಮುಗಿಸಿ ಬಂದು ಊಟಕ್ಕೆ ಕೂತವರು ತುತ್ತು ಮುಟ್ಟಲಿಲ್ಲ. ಮಧುಗಿರಿಯ ಆಸ್ಪತ್ರೆಯಿಂದ ಒಬ್ಬ ಬ್ರಾಹ್ಮಣರ ಮನೆಯ ಬಾಣಂತಿಯನ್ನು ಕೂಸಿನ ಜೊತೆ ಕರೆತರುವ ಬಾಡಿಗೆ ಅದು. ದಾರಿಯಲ್ಲಿ ಕಾರು ಮೂರು ಸಲ ನಿಂತಿತಂತೆ. ಅದೇ ಕೆಮ್ಮು, ಅದೇ ಮುಳ್ಳು ಬೀಳುವುದು. ಇವತ್ತು ಆ ಹುಡುಗಿ ಎಲ್ಲಿದ್ದಳು ಎಂದು ಅಬ್ಬ ಯಾರನ್ನೂ ಕೇಳದ ಹಾಗೆ ಕೇಳಿದರು. ನನಗೆ ತಡೆಯಲಾಗಲಿಲ್ಲ. ಪರದೆ ಎಳೆದಿದ್ದರಾ ಎಂದು ಕೇಳಿಬಿಟ್ಟೆ. ಅಬ್ಬ ನನ್ನತ್ತ ತಿರುಗಿದರು. ಹೌದು, ಬಾಣಂತಿಗೆ ಗಾಳಿ ಸೋಕಬಾರದೆಂದು ಅವಳ ತಾಯಿ ಗಂಟು ಬಿಚ್ಚಿ ಎಳೆದುಕೊಂಡಳು, ಯಾಕೆ ಎಂದರು. ಪರದೆಯ ತಂತಿ ಕಿಟಕಿಯ ಕಬ್ಬಿಣಕ್ಕೆ ತಾಗಿ ಕಿಡಿ ಹಾರುತ್ತದೆ, ಕೊಕ್ಕೆ ಸುಡುತ್ತದೆ, ನಾನು ನೋಡಿದ್ದೇನೆ ಎಂದೆ. ನಾನು ನೋಡಿದ್ದು ನಿಜ. ತೋರಿಸಿದವರು ಯಾರೆಂದು ಹೇಳಲಿಲ್ಲ.

ಅಬ್ಬ ಎಂಜಲು ಕೈಯಲ್ಲೇ ಎದ್ದರು. ರಂಗಪ್ಪನಿಗೆ ಹೇಳಿಕಳಿಸಿ ಕಾರನ್ನು ಲಾಯದಿಂದ ಹೊರಗೆ ತಂದು ಇಂಜಿನ್ ಓಡಲು ಬಿಟ್ಟರು. ತಾವು ಮುಳ್ಳಿನ ಮೇಲೆ ಕಣ್ಣಿಟ್ಟು ಕೂತು ನನಗೆ ಪರದೆ ಎಳೆ ಎಂದರು. ಎಳೆದೆ. ತಂತಿ ಜೋತು ಕಬ್ಬಿಣದ ಮೇಲೆ ಕೂತಿತು, ಮುಳ್ಳು ಬಿತ್ತು, ಕಾರು ಕೆಮ್ಮಿ ನಿಂತಿತು. ಸರಿಸಿದೆ, ಚಾಚಾ ಹ್ಯಾಂಡಲ್ ಹೊಡೆದ, ಹೊರಟಿತು. ಮತ್ತೆ ಎಳೆ ಎಂದರು, ಮತ್ತೆ ನಿಂತಿತು. ಅಬ್ಬ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡರು. ರಂಗಪ್ಪ ಕೊಕ್ಕೆಯ ತಿರುಪುಮೊಳೆ ಬಿಚ್ಚತೊಡಗಿದ, ಅದು ಬಂತು, ಬಂತು, ಬರುತ್ತಲೇ ಇತ್ತು. ಜಟಕಾದ ದಪ್ಪ ಕಂಬಕ್ಕೆಂದು ಮಾಡಿಸಿದ್ದ, ಬೆರಳುದ್ದದ ಮೊಳೆ. ಕಾರಿನ ಕಂಬ ಅದರ ಅರ್ಧ ದಪ್ಪವೂ ಇರಲಿಲ್ಲ. ಆ ಕಂಬದೊಳಗೆ ಸೂರಿನ ದೀಪಕ್ಕೆ ಹೋಗುವ ತಂತಿ ಇತ್ತು, ಮೊಳೆ ಅದರ ಮೈಯೊಳಗೆ ಹೊಕ್ಕಿತ್ತು. ಅಲ್ಲಿಂದ ಕರೆಂಟು ಮೊಳೆಗೆ, ಕೊಕ್ಕೆಗೆ, ಪರದೆಯ ತಂತಿಗೆ, ಅದು ಜೋತಾಗ ಕಿಟಕಿಯ ಕಬ್ಬಿಣಕ್ಕೆ.

"ಇಕಾ, ಸಿಕ್ತು ನೋಡಿ ಅಡ್ಡದಾರಿ. ಕುದ್ರೆ ಗಾಡಿ ಮೊಳೇನ ಮೋಟರಿಗೆ ಹೊಡ್ದವ್ರೆ. ಆಯಮ್ಮನ ಕಾಲ್ಗುಣ ಏನ್ ಮಾಡ್ತದೆ ಸಾಬ್ರೇ?"

ಚಾಚಾ ಆ ಮೊಳೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ದಾದಿ ಜಗಲಿಯಿಂದ ಇಳಿದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ತನ್ನ ಗಂಡನ ಗಾಡಿಯದ್ದೆಂದು ಅವಳಿಗೆ ಗುರುತು ಸಿಕ್ಕಿತು.

"ನಮ್ಮಕ್ಕನ ಮುಖ ತಪ್ಸಿದ್ದು ಇದು. ನಾನು ಪಾಪದ ಹುಡ್ಗೀನ ಅಂದ್ಬುಟ್ಟೆ."

ನಾಳೆಯೇ ಹೋಗಿ ಕರೆತನ್ನಿ ಎಂದು ಹೇಳಿ ಒಳಗೆ ಹೋದಳು. ಅವತ್ತು ಸಂಜೆಯೊಳಗೆ ಶಿರಾದಲ್ಲೆಲ್ಲ ನನ್ನ ಹೆಸರು. ತುಮಕೂರಿನ ಮೆಕ್ಯಾನಿಕ್ಕುಗಳಿಗೂ ಹೊಳೆಯದ್ದು ನನ್ನ ಮಗಳಿಗೆ ಹೊಳೆಯಿತು ಎಂದು ಅಬ್ಬ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದರು. ರಂಗಪ್ಪ ನನ್ನನ್ನು ಮೇಸ್ತ್ರಿ ಎಂದು ಕರೆದ. ಚಾಚಾ ಅರ್ಧ ಸೇರು ಕಡ್ಲೆಮಿಠಾಯಿ ತಂದು ಪೊಟ್ಟಣವನ್ನೇ ನನ್ನ ಮಡಿಲಿಗೆ ಹಾಕಿ, ನನ್ನ ಮನೆ ಉಳಿಸಿದೆ ಕಣೇ ಎಂದು ಅತ್ತ. ನಾನು ಪೊಟ್ಟಣ ಬಿಚ್ಚದೆ ಅಡುಗೆಮನೆಯ ಗೂಡಿನಲ್ಲಿ ಇಟ್ಟುಬಿಟ್ಟೆ.

ಮರುದಿನ ಅಬ್ಬ, ಚಾಚಾ, ನಾನು ಪಾವಗಡಕ್ಕೆ ಹೋದೆವು. ಚಾಚಿಯ ತವರು ಒಂದೇ ಅಂಕಣದ ಮನೆ. ಅಂಗಳದಲ್ಲಿ ಚಾಚಿಯ ತಂದೆ ತಿದಿ ಒತ್ತುತ್ತಾ ಕಲಾಯಿ ಹಾಕುತ್ತಿದ್ದರು, ನವಸಾಗರದ ಬಿಳಿ ಹೊಗೆ ಮೂಗಿಗೆ ಹೊಡೆಯುತ್ತಿತ್ತು. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಚಾಪೆ ಹಾಸಿದರು. ಕರೆಯಲು ಬಂದಿರೋ, ಸಂಬಂಧ ಕಡಿದು ಹಾಕಲು ಬಂದಿರೋ ಎಂದು ಅವರ ಕಣ್ಣೇ ಕೇಳುತ್ತಿತ್ತು. ಒಳಬಾಗಿಲಿಗೆ ಒಂದು ಹಳೆಯ ಸೀರೆಯನ್ನು ಪರದೆ ಕಟ್ಟಿದ್ದರು. ಅದರ ಹಿಂದೆ ಚಾಚಿ ನಿಂತಿದ್ದಳು, ಸೀರೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು. ಅಬ್ಬ ತಪ್ಪಾಯಿತೆಂದು ಶುರು ಮಾಡಿ, ಮೊಳೆಯ ಕತೆಯನ್ನೆಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೆ ನನ್ನ ಬಗ್ಗೆ ಹೆಮ್ಮೆ ಏರಿತು. ಈ ಚೋಟುದ್ದದವಳು ಕಿಡಿ ನೋಡಿ ಹಿಡಿದಳು ಎಂದು ನನ್ನ ಬೆನ್ನು ತಟ್ಟಿದರು. ಆ ಪಾದಗಳು ಅಲ್ಲಾಡಲಿಲ್ಲ. ಆಮೇಲೆ ಅಬ್ಬ ಸಹಜವಾಗಿಯೇ, ಯಾರನ್ನೂ ಚುಚ್ಚುವ ಮನಸ್ಸಿಲ್ಲದೆ, ನನ್ನತ್ತ ತಿರುಗಿ, ನಿಮ್ಮ ಚಾಚಿ ಅದೇ ಕಿಟಕಿಯ ಪಕ್ಕ ಕೂರುತ್ತಿದ್ದಳಲ್ಲ, ಅವಳಿಗೆ ಏನೂ ಕಾಣಲಿಲ್ಲವಾ ಕೇಳಿಕೊಂಡು ಬಾ ಎಂದರು.

ನಾನು ಸೀರೆಯನ್ನು ಸರಿಸಿ ಒಳಗೆ ಹೋದೆ. ಚಾಚಿ ಬಡವಾಗಿದ್ದಳು. ಕೇಳುವ ಅಗತ್ಯವಿರಲಿಲ್ಲ, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮೇಲೆ ಕೂಗಬಹುದಿತ್ತು, ಕಪಾಳಕ್ಕೆ ಬಾರಿಸಬಹುದಿತ್ತು, ಬಾರಿಸಲಿ ಎಂದು ನಾನು ಮುಖ ಎತ್ತಿ ನಿಂತಿದ್ದೆ. ಅವಳು ಬಗ್ಗಿ ನನ್ನ ಕೆದರಿದ ಜಡೆಯನ್ನು ಹಿಂದಕ್ಕೆ ಸರಿಸಿದಳು.

"ಏನೂ ಕಾಣ್ಲಿಲ್ಲ ಅಂತ ಹೇಳ್ಬುಡು."

ಚಾಪೆಗೂ ಬಾಗಿಲಿಗೂ ಆರು ಹೆಜ್ಜೆ. ಅಷ್ಟು ಭಾರದ ಮಾತನ್ನು ನಾನು ಆಮೇಲೆ ಯಾವತ್ತೂ ಹೊತ್ತಿಲ್ಲ. ಅಬ್ಬನ ಮುಂದೆ ನಿಂತೆ. ಬಾಯಿ ತೆರೆದರೆ ಅಳುವೇ ಬಂತು, ಅಳುವಿನ ನಡುವೆ ಎಲ್ಲ ಬಂತು. ಚಾಚಿ ಮಧುಗಿರಿಯ ದಾರಿಯಲ್ಲೇ ಹೇಳಿ ಕಳಿಸಿದ್ದಳು, ನಾನು ಹೇಳಲಿಲ್ಲ. ಕೊರಟಗೆರೆಗೆ ಹೋಗುವಾಗ ತಂತಿ ಎತ್ತಿ ಹಿಡಿದಿದ್ದು ಅದಕ್ಕೇ. ಹೆಂಗಸರು ಬಾಯಿ ಹಾಕಬಾರದು, ಕಲಾಯಿಯವರಿಗೆ ಏನು ಗೊತ್ತು ಎಂದು ನೀವು ಅಂದಿರೆಂದು ನಾನೇ ಹುಟ್ಟಿಸಿ ಹೇಳಿದೆ. ಕಲಾಯಿಯ ಮಾತು ಬಂದಾಗ ಚಾಚಿಯ ತಂದೆ ತಲೆ ತಗ್ಗಿಸಿದರು. ಚಾಚಾ ಅಂಗಳದಾಚೆ ನೋಡುತ್ತಾ ನಿಂತ. ಅಬ್ಬ ನನ್ನನ್ನು ಹೊಡೆಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಎದ್ದು ಹೋಗಿ ಆ ಸೀರೆಯ ಪರದೆಯ ಮುಂದೆ ನಿಂತರು. ನಮ್ಮ ಮನೆತನದಲ್ಲಿ ಯಾವ ಗಂಡಸೂ ತಮ್ಮನ ಹೆಂಡತಿಯ ಜೊತೆ ಹಾಗೆ ನೇರವಾಗಿ ಮಾತಾಡಿದ್ದಿಲ್ಲ.

"ಹಾಜಿರಾ, ಆ ಮಾತು ನಾನು ಆಡಿಲ್ಲ ಕಣಮ್ಮ. ನೀನು ಹೇಳ್ಕಳ್ಸಿದ್ದೂ ನಂಗೆ ಬರ್ಲಿಲ್ಲ. ಇನ್ಮೇಲೆ ಏನಿದ್ರೂ ನಂಗೇ ಹೇಳ್ಬುಡು."

ಒಳಗೆ ಬಳೆಯ ಸದ್ದಾಯಿತು, ಮೂಗು ಒರೆಸಿಕೊಂಡ ಸದ್ದಾಯಿತು. ಕೊನೆಗೆ ಅಬ್ಬ ಮೊದಲ ಸಲ ಅವಳ ದನಿ ಕೇಳಿದರು. ಗಟ್ಟಿಯಾದ, ಸ್ವಲ್ಪ ತೆಲುಗು ಎಳೆತದ ದನಿ.

"ಹಾರನ್ ಹೊಡ್ದಾಗೆಲ್ಲ ಸೂರಿನ ದೀಪ ಮಿಣಕ್ ಮಿಣಕ್ ಅಂತದೆ, ಭಾಯಿಜಾನ್. ಅದ್ರ ಅರ್ತೂ ಎಲ್ಲೋ ಸಡಿಲ ಇರ್ಬೇಕು. ಅದೊಂದು ನಾನು ಯಾರ್ಗೂ ಹೇಳಿಲ್ಲ."

ಅಬ್ಬ ನೋಡಿಸುತ್ತೇನೆ ಎಂದರು. ಅವಳು ಪೆಟ್ಟಿಗೆ ಕಟ್ಟಲು ಒಳಗೆ ಹೋದಳು. ಆಮೇಲೆ ಅವಳು ನಮ್ಮ ಮನೆಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಬಾಳಿದಳು. ಕಾರಿನ ವಿಷಯವಿರಲಿ, ಮಕ್ಕಳ ವಿಷಯವಿರಲಿ, ಅಬ್ಬನಿಗೆ ಏನು ಹೇಳಬೇಕಾದರೂ ಬಾಗಿಲಿಗೆ ಬಂದು ತಾನೇ ಹೇಳುತ್ತಿದ್ದಳು. ಒಂದು ಸಲವೂ ನನ್ನನ್ನು ಕಳಿಸಲಿಲ್ಲ.